ಸಂಬಳದ ಚೀಟಿಯ ಹೊಸ ಲೆಕ್ಕ

ತುಮಕೂರು ರಸ್ತೆಯ ಮಗ್ಗುಲಿಗೆ ಹಬ್ಬಿಕೊಂಡಿರುವ ಪೀಣ್ಯದಲ್ಲಿ ಸಂಜೆಯ ಪಾಳಿ ಬದಲಾಗುವ ಹೊತ್ತು. ಅಲ್ಲಿನ ಒಂದು ಸಣ್ಣ ಯಂತ್ರಶಾಲೆಯ ಯಜಮಾನರನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಮೂವತ್ತನಾಲ್ಕು ಮಂದಿ ಕೆಲಸಗಾರರು, ಆರೇಳು ಲೇತುಗಳು, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಒದಗಿಸುವ ಕಸುಬು. ಸಾಲ ಮಾಡಿ ಯಂತ್ರ ಕೊಂಡು, ಸಾಲ ತೀರಿಸಿ ಮತ್ತೊಂದು ಯಂತ್ರ ಕೊಂಡು, ಇಪ್ಪತ್ತು ವರ್ಷಗಳಲ್ಲಿ ನೆಲೆ ನಿಂತವರು. ಅವರ ಮಗಳು ನಗರದ ಇನ್ನೊಂದು ತುದಿಯಲ್ಲಿ, ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಸಾಫ್ಟ್‌ವೇರ್ ಸಂಸ್ಥೆಯೊಂದರ ನೌಕರಿಯಲ್ಲಿದ್ದಾಳೆ. ರಾತ್ರಿ ಊಟಕ್ಕೆ ಕೂತಾಗ ಒಂದೇ ಮೇಜಿನ ಈಚೆಗೆ ಧಣಿ, ಆಚೆಗೆ ಸಂಬಳಗಾರ್ತಿ. ಇಂಥ ಮನೆ ಬೆಂಗಳೂರಿನಲ್ಲಿ ಒಂದಲ್ಲ, ಹಲವು.

ಆ ಮನೆಯಲ್ಲಿ ಒಂದು ರಾತ್ರಿ ಎದ್ದ ಪ್ರಶ್ನೆ ಮೇಲುನೋಟಕ್ಕೆ ತೀರ ಸಣ್ಣದು. ಟೂಲ್‌ರೂಮಿನಲ್ಲಿ ಹತ್ತು ವರ್ಷ ದುಡಿದ ಹಿರಿಯ ಕೆಲಸಗಾರನೊಬ್ಬ ರಾಜೀನಾಮೆ ಕೊಟ್ಟಿದ್ದ. ಪಾವಗಡದ ಕಡೆಯವನು, ಊರಿನಲ್ಲಿ ತಂದೆಗೆ ವಯಸ್ಸಾಗಿದೆ, ಹೊಲ ನೋಡಿಕೊಳ್ಳುವವರಿಲ್ಲ. “ಲೆಕ್ಕ ಚುಕ್ತಾ ಮಾಡಿಕೊಡಿ ಯಜಮಾನರೇ” ಎಂದು ಕೈಮುಗಿದು ನಿಂತಿದ್ದ. ಕಾರ್ಖಾನೆಯ ಗುಮಾಸ್ತ ಹಳೆಯ ರೂಢಿಯಂತೆ ಸಲಹೆ ಕೊಟ್ಟ: “ಬಾಕಿ ಸಂಬಳವನ್ನು ಮುಂದಿನ ತಿಂಗಳು ಎಲ್ಲರ ಸಂಬಳದ ಜತೆಗೇ ಕೊಟ್ಟರಾಯಿತು. ಗ್ರಾಚ್ಯುಯಿಟಿಯನ್ನು ಮೂಲ ಸಂಬಳದ ಮೇಲೆ ಕಟ್ಟಿದರೆ ಸಾಕು. ಎಲ್ಲವೂ ಮುಟ್ಟಿತು, ಇನ್ನು ಯಾವ ಹಕ್ಕೂ ಉಳಿದಿಲ್ಲವೆಂದು ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡುಬಿಡೋಣ.”

ಯಜಮಾನರು ಇದನ್ನು ಊಟದ ನಡುವೆ ಹೇಳಿದಾಗ ಮಗಳು ತಲೆಯೆತ್ತಿ ಕೇಳಿದಳು: “ಅಪ್ಪಾ, ಈ ಲೆಕ್ಕ ಹಳೆಯ ಕಾಯಿದೆಯದೋ, ಹೊಸದರದೋ?”

ಗುಮಾಸ್ತನ ಸಲಹೆಯಲ್ಲಿ ದುರುದ್ದೇಶವಿರಲಿಲ್ಲ. ಆದರೆ ಅದರ ಮೂರು ಮಾತುಗಳಲ್ಲಿ ಮೂರೂ ಈಗ ತಪ್ಪು. ಆ ತಪ್ಪುಗಳು ಯಾವುವೆಂದು ತಿಳಿದುಕೊಂಡರೆ ಹೊಸ ಕಾರ್ಮಿಕ ಶಾಸನದ ಬಹುಪಾಲು ತಿಳಿದಂತಾಗುತ್ತದೆ.

* * *

ಭಾರತದಲ್ಲಿ ದುಡಿಮೆಗೆ ಸಂಬಂಧಿಸಿದ ಕಾನೂನು ಒಂದೇ ಕಾಲಕ್ಕೆ ಹುಟ್ಟಿದ್ದಲ್ಲ. ವೇತನ ಪಾವತಿಯ ಕಾಯಿದೆ 1936ರದು. ಕೈಗಾರಿಕಾ ವಿವಾದಗಳ ಕಾಯಿದೆ 1947ರದು. ಕಾರ್ಖಾನೆಗಳ ಕಾಯಿದೆ, ಕನಿಷ್ಠ ವೇತನದ ಕಾಯಿದೆ, ರಾಜ್ಯವಿಮಾ ಕಾಯಿದೆ ಈ ಮೂರೂ 1948ರವು. ಗ್ರಾಚ್ಯುಯಿಟಿಯ ಕಾಯಿದೆ 1972ರದು. ಒಂದೊಂದರಲ್ಲಿಯೂ ‘ವೇತನ’ವೆಂಬ ಮಾತಿಗೆ ಒಂದೊಂದು ಅರ್ಥವಿತ್ತು. ಒಂದೇ ಕೆಲಸಗಾರನ ಒಂದೇ ಸಂಬಳವನ್ನು ಒಂದು ಕಚೇರಿಗೆ ಒಂದು ಬಗೆಯಾಗಿ, ಇನ್ನೊಂದು ಕಚೇರಿಗೆ ಇನ್ನೊಂದು ಬಗೆಯಾಗಿ ಲೆಕ್ಕ ತೋರಿಸಬೇಕಾಗಿತ್ತು. ಸಣ್ಣ ಕಾರ್ಖಾನೆಯವನಿಗೆ ಇದು ತಲೆನೋವು. ಜಾಣನಾದವನಿಗೆ ಇದೇ ಸಂದು.

ಈ ಬಗೆಯ 29 ಕೇಂದ್ರ ಕಾಯಿದೆಗಳನ್ನು ಒಗ್ಗೂಡಿಸಿ ಸಂಸತ್ತು ನಾಲ್ಕು ಸಂಹಿತೆಗಳನ್ನು ರಚಿಸಿತು. ವೇತನ ಸಂಹಿತೆ 2019ರಲ್ಲಿಯೂ, ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತೆಯ ಸಂಹಿತೆ, ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಈ ಮೂರು 2020ರಲ್ಲಿಯೂ ಅಂಗೀಕಾರವಾದವು. ವರ್ಷಗಟ್ಟಲೆ ಕಾಗದದ ಮೇಲೆಯೇ ಉಳಿದಿದ್ದ ಇವು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕಾರ್ಮಿಕ ವಿಷಯವು ಸಂವಿಧಾನದಲ್ಲಿ ಕೇಂದ್ರ ರಾಜ್ಯಗಳೆರಡಕ್ಕೂ ಸೇರಿದ ಪಟ್ಟಿಯಲ್ಲಿರುವುದರಿಂದ ರಾಜ್ಯಗಳು ರಚಿಸುವ ನಿಯಮಗಳಿಗೂ ಇದರಲ್ಲಿ ದೊಡ್ಡ ಪಾತ್ರವುಂಟು. ಆದರೆ ‘ನಿಯಮಗಳು ಬರಲಿ, ಆಮೇಲೆ ನೋಡೋಣ’ ಎಂದು ಕುಳಿತುಕೊಳ್ಳುವ ಮಾಲೀಕ ಎಡವುತ್ತಾನೆ. ಸಂಹಿತೆಯ ಮೂಲ ಕಲಮುಗಳು ಆ ದಿನದಿಂದಲೇ ಕಟ್ಟುಪಾಡಾಗಿವೆ.

ಈಗ ಗುಮಾಸ್ತನ ಮೊದಲನೆಯ ಮಾತು: ಬಾಕಿ ಸಂಬಳವನ್ನು ಮುಂದಿನ ತಿಂಗಳು ಕೊಡಬಹುದೆಂಬುದು. ಹಿಂದೆ ಮಾಲೀಕನೇ ಕೆಲಸದಿಂದ ತೆಗೆದರೆ ಎರಡು ದಿನಗಳೊಳಗೆ ವೇತನ ಕೊಡಬೇಕೆಂಬ ಕಟ್ಟಳೆಯಿತ್ತು. ತಾನಾಗಿ ಬಿಟ್ಟುಹೋಗುವವನಿಗೆ ಆ ಅನುಕೂಲವಿರಲಿಲ್ಲ. ವೇತನ ಸಂಹಿತೆಯ ಪ್ರಕಾರ ತೆಗೆದುಹಾಕಿದವನಿರಲಿ, ರಾಜೀನಾಮೆ ಕೊಟ್ಟವನಿರಲಿ, ಸಂಸ್ಥೆ ಮುಚ್ಚಿದುದರಿಂದ ಕೆಲಸ ಕಳೆದುಕೊಂಡವನಿರಲಿ, ಎಲ್ಲರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಲ್ಲಬೇಕು. ಸಾಮಾನ್ಯ ತಿಂಗಳ ಸಂಬಳವು ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ ಕೈಸೇರಬೇಕೆಂಬ ನಿಯಮವು ಹಿಂದೆ ಇಂತಿಷ್ಟು ಸಂಬಳದ ಒಳಗಿನವರಿಗೆ ಮಾತ್ರ ಅನ್ವಯಿಸುತ್ತಿತ್ತು; ಈಗ ಆ ಮಿತಿ ಹೋಗಿದೆ. ಪೀಣ್ಯದ ಫಿಟ್ಟರಿಗೆ ಹೇಗೋ ವೈಟ್‌ಫೀಲ್ಡಿನ ಗಣಕತಜ್ಞೆಗೂ ಹಾಗೆಯೇ.

ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಬಿಟ್ಟುಹೋಗುವವರ ಲೆಕ್ಕ ತೀರಿಸಲು ಮೂವತ್ತು, ನಲವತ್ತೈದು ದಿನ ತೆಗೆದುಕೊಳ್ಳುವ ರೂಢಿ ಬೇರೂರಿತ್ತು. ಲ್ಯಾಪ್‌ಟಾಪು ಹಿಂದಿರುಗಿಸಿದ್ದಾಯಿತೆ, ಗುರುತಿನ ಚೀಟಿ ಕೊಟ್ಟಿದ್ದಾಯಿತೆ, ನಾಲ್ಕು ವಿಭಾಗಗಳ ಒಪ್ಪಿಗೆ ಬಂದಿತೆ ಎಂಬ ವಿಚಾರಣೆಗಳೆಲ್ಲ ಮುಗಿದ ಬಳಿಕವೇ ಹಣ. ಇನ್ನು ಆ ವಿಚಾರಣೆಗಳನ್ನು ನೌಕರ ಹೊರಡುವ ಮೊದಲೇ ಮುಗಿಸಿಕೊಳ್ಳದೆ ಗತ್ಯಂತರವಿಲ್ಲ. ಗ್ರಾಚ್ಯುಯಿಟಿಗೆ ಮಾತ್ರ ಹಿಂದಿನಂತೆ ಮೂವತ್ತು ದಿನಗಳ ಅವಕಾಶವುಂಟು.

* * *

ಗುಮಾಸ್ತನ ಎರಡನೆಯ ಮಾತಿನಲ್ಲಿಯೇ ನಿಜವಾದ ತೂಕವಿರುವುದು. ಗ್ರಾಚ್ಯುಯಿಟಿಯನ್ನು ಮೂಲ ಸಂಬಳ ಮತ್ತು ತುಟ್ಟಿಭತ್ಯದ ಮೇಲೆ ಲೆಕ್ಕ ಹಾಕುವುದು ಹಳೆಯ ಪದ್ಧತಿ. ಆದುದರಿಂದ ಅನೇಕ ಮಾಲೀಕರು ಮೂಲ ಸಂಬಳವನ್ನು ಕುಗ್ಗಿಸಿ, ಮನೆಬಾಡಿಗೆ, ಪ್ರಯಾಣ ಮೊದಲಾದ ಭತ್ಯಗಳನ್ನು ಹಿಗ್ಗಿಸಿ ಚೀಟಿ ಬರೆಯುತ್ತಿದ್ದರು. ಕೈಗೆ ಬರುವ ಮೊತ್ತ ಅಷ್ಟೇ ಆದುದರಿಂದ ನೌಕರನೂ ಕೇಳುತ್ತಿರಲಿಲ್ಲ. ಕೆಲಸ ಬಿಡುವ ದಿನ, ಇಲ್ಲವೆ ಮುಪ್ಪಿನಲ್ಲಿ, ಅದರ ಬಿಸಿ ತಟ್ಟುತ್ತಿತ್ತು. ಭವಿಷ್ಯನಿಧಿಯ ಸಂಬಂಧದಲ್ಲಿ ಈ ಜಾಣತನಕ್ಕೆ ಸುಪ್ರೀಂ ಕೋರ್ಟು 2019ರ ಫೆಬ್ರವರಿಯಲ್ಲಿಯೇ ತಡೆ ಹಾಕಿ, ಎಲ್ಲರಿಗೂ ಏಕರೀತಿಯಾಗಿ ಕೊಡುವ ಭತ್ಯಗಳನ್ನು ಮೂಲ ಸಂಬಳದ ಭಾಗವೆಂದೇ ಎಣಿಸಬೇಕೆಂದು ತೀರ್ಪು ಕೊಟ್ಟಿತ್ತು.

ಹೊಸ ಸಂಹಿತೆಗಳು ನಾಲ್ಕಕ್ಕೂ ಸಲ್ಲುವ ಒಂದೇ ಅರ್ಥವನ್ನು ಕೊಟ್ಟಿವೆ. ಮನೆಬಾಡಿಗೆ ಭತ್ಯ, ಪ್ರಯಾಣ ಭತ್ಯ, ಕಮಿಷನ್ನು, ಹೆಚ್ಚುವರಿ ದುಡಿಮೆಯ ಭತ್ಯ ಮುಂತಾದ ಕೆಲವು ಬಾಬುಗಳನ್ನು ವೇತನದಿಂದ ಹೊರಗಿಡಬಹುದು. ಆದರೆ ಹೊರಗಿಟ್ಟ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಕೂಡದು. ಮೀರಿದರೆ, ಮೀರಿದಷ್ಟು ಹಣ ವೇತನಕ್ಕೇ ಸೇರಿಕೊಳ್ಳುತ್ತದೆ.

ಪಾವಗಡದವನ ಚೀಟಿಯನ್ನೇ ತೆಗೆದುಕೊಳ್ಳಬಹುದು. ಒಟ್ಟು ತಿಂಗಳ ಸಂಬಳ 50,000 ರೂಪಾಯಿ. ಅದರಲ್ಲಿ ಮೂಲ ಸಂಬಳವೂ ತುಟ್ಟಿಭತ್ಯವೂ ಕೂಡಿ 20,000. ಹೊರಗಿಡಬಹುದಾದ ಭತ್ಯಗಳು 30,000. ಒಟ್ಟಿನ ಅರ್ಧವೆಂದರೆ 25,000. ಭತ್ಯಗಳು ಅದನ್ನು 5,000ದಷ್ಟು ಮೀರಿವೆ. ಆ 5,000 ಈಚೆಗೆ ಬಂದು, ಕಾನೂನಿನ ದೃಷ್ಟಿಯಲ್ಲಿ ಅವನ ವೇತನ 25,000 ಆಗುತ್ತದೆ. ಗ್ರಾಚ್ಯುಯಿಟಿಯ ಸೂತ್ರ ಹಿಂದಿನದೇ: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸುವುದು. ಹಳೆಯ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಸುಮಾರು 1,15,385 ರೂಪಾಯಿ. ಹೊಸ ಲೆಕ್ಕದಲ್ಲಿ ಸುಮಾರು 1,44,231. ವ್ಯತ್ಯಾಸ 28,846 ರೂಪಾಯಿ. ಪಾವಗಡದ ಹೊಲದಲ್ಲಿ ಕೊಳವೆಬಾವಿಗೆ ಹೊಸ ಪಂಪು ಇಳಿಸಲು ಹೊರಟವನಿಗೆ ಇದು ಸಣ್ಣ ಹಣವಲ್ಲ.

ಹಾಗೆಂದು ಮಾಲೀಕನಿಗೂ ಇದು ಸಣ್ಣ ಹಣವಲ್ಲ. ಗ್ರಾಚ್ಯುಯಿಟಿಗೆ ಕೊನೆಯ ವೇತನವೇ ಆಧಾರವಾದುದರಿಂದ ಹೊಸ ಅರ್ಥವು ಕಳೆದ ವರ್ಷಗಳ ಸೇವೆಗೂ ಒಮ್ಮೆಗೇ ವ್ಯಾಪಿಸುತ್ತದೆ. ಇಂಥದೇ ಚೀಟಿಯ ಹತ್ತು ಮಂದಿ, ತಲಾ ಸರಾಸರಿ ಆರು ವರ್ಷ ಸೇವೆಯವರು ಕಾರ್ಖಾನೆಯಲ್ಲಿದ್ದರೆ, ಯಜಮಾನರ ಹೊಣೆ ಒಂದೇ ಸಲಕ್ಕೆ ಸುಮಾರು 1,73,000 ರೂಪಾಯಿಯಷ್ಟು ಏರುತ್ತದೆ. ಅದು ಇಂದೇ ತೆರಬೇಕಾದ ಹಣವಲ್ಲ. ಆದರೆ ಇಂದಿನಿಂದಲೇ ತೆಗೆದಿಡಬೇಕಾದ ಹಣ. ದೊಡ್ಡವರಿಗೂ ಈ ಬಿಸಿ ತಪ್ಪಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ ಪ್ರಧಾನ ಕಚೇರಿಯಿರುವ ಇನ್ಫೋಸಿಸ್ ಸಂಸ್ಥೆಯು 2025ರ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ತ್ರೈಮಾಸಿಕದ ಲೆಕ್ಕದಲ್ಲಿ ಹೊಸ ಸಂಹಿತೆಗಳ ಬಾಬಿಗೆಂದೇ 1,289 ಕೋಟಿ ರೂಪಾಯಿಗಳನ್ನು ಖರ್ಚು ತೋರಿಸಿತು. ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ತೋರಿಸಿದ ಮೊತ್ತ 2,128 ಕೋಟಿ.

ಭವಿಷ್ಯನಿಧಿಯ ವಿಚಾರದಲ್ಲಿ ಹರಡಿದ ಭಯ ಮಾತ್ರ ಪೂರ್ತಿ ನಿಜವಲ್ಲ. ‘ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ’ ಎಂದು ಅನೇಕ ಮನೆಗಳಲ್ಲಿ ಆತಂಕವೆದ್ದಿತು. 2014ರಲ್ಲಿ ಗೊತ್ತುಮಾಡಿದ 15,000 ರೂಪಾಯಿಗಳ ಮಿತಿಯ ಮೇಲೆ ಶೇಕಡಾ 12ರಂತೆ, ಎಂದರೆ 1,800 ರೂಪಾಯಿ, ಕಡಿತ ಮಾಡಿಸುತ್ತಿರುವವನ ವೇತನ ಕಾಗದದಲ್ಲಿ 20,000ದಿಂದ 25,000ಕ್ಕೆ ಏರಿದರೂ ಕಡ್ಡಾಯದ ಕಡಿತ ಏರಬೇಕಾಗಿಲ್ಲವೆಂದು ಕೇಂದ್ರ ಕಾರ್ಮಿಕ ಸಚಿವಾಲಯವು 2025ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಮಿತಿಯನ್ನು ಲೆಕ್ಕಿಸದೆ ಪೂರ್ತಿ ಮೂಲ ಸಂಬಳದ ಮೇಲೆ ಕಡಿತ ಮಾಡುವ ಸಂಸ್ಥೆಗಳಲ್ಲಿ ಮಾತ್ರ ಲೆಕ್ಕವನ್ನು ಮತ್ತೆ ನೋಡಿಕೊಳ್ಳಬೇಕು.

ನಿರ್ದಿಷ್ಟ ಅವಧಿಗೆಂದು ನೇಮಕಗೊಂಡವರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಐದು ವರ್ಷ ತುಂಬದವನಿಗೆ ಗ್ರಾಚ್ಯುಯಿಟಿಯಿಲ್ಲವೆಂಬ ನಂಬಿಕೆಯಿಂದ ವರ್ಷ ವರ್ಷಕ್ಕೂ ಕರಾರು ಬರೆಸಿಕೊಳ್ಳುವ ಪದ್ಧತಿ ಮೂರೂ ಪ್ರದೇಶಗಳಲ್ಲಿ ಬಳಕೆಯಲ್ಲಿತ್ತು. ಈಗ ಅಂಥವನು ಒಂದು ವರ್ಷ ಪೂರೈಸಿದರೆ ಸೇವೆಯ ಅವಧಿಗೆ ತಕ್ಕಷ್ಟು ಗ್ರಾಚ್ಯುಯಿಟಿಗೆ ಬಾಧ್ಯನಾಗುತ್ತಾನೆ. ಖಾಯಂ ಕೆಲಸಗಾರನಿಗೆ ಸಲ್ಲುವ ವೇತನವೂ ಸೌಲಭ್ಯಗಳೂ ಅವನಿಗೂ ಸಲ್ಲಬೇಕು.

* * *

ಗುಮಾಸ್ತನ ಮೂರನೆಯ ಮಾತು, ಎಲ್ಲವೂ ಮುಟ್ಟಿತೆಂದು ರುಜು ಹಾಕಿಸಿಕೊಳ್ಳುವುದು. ಈ ಕಾಗದದ ಮೇಲೆ ಮಾಲೀಕರಿಗಿರುವ ನಂಬಿಕೆ ತಾಯಿತದ ಮೇಲಿನ ನಂಬಿಕೆಯಂತಹುದು. ವೇತನ ಸಂಹಿತೆಯ ಪ್ರಕಾರ ನೌಕರನು ತನಗೆ ಶಾಸನ ಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಆ ಮಟ್ಟಿಗೆ ಊರ್ಜಿತವಲ್ಲ. ರುಜು ಹಾಕಿದವನೇ ಮೂರು ವರ್ಷಗಳೊಳಗೆ ಅಧಿಕಾರಿಯ ಮುಂದೆ ಬಂದು ‘ನನಗೆ ಕಡಿಮೆ ಕೊಟ್ಟರು’ ಎನ್ನಬಹುದು. ಆಗ ಪೂರ್ತಿ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊರೆ ಮಾಲೀಕನ ಮೇಲೆಯೇ ಬೀಳುತ್ತದೆ. ಕಡಿಮೆ ಕೊಟ್ಟದ್ದು ಸಿದ್ಧಪಟ್ಟರೆ ದಂಡ 50,000 ರೂಪಾಯಿಗಳವರೆಗೆ. ಐದು ವರ್ಷಗಳೊಳಗೆ ಅದೇ ತಪ್ಪು ಮರುಕಳಿಸಿದರೆ ಮೂರು ತಿಂಗಳವರೆಗಿನ ಸೆರೆ, ಒಂದು ಲಕ್ಷದವರೆಗಿನ ದಂಡ, ಇಲ್ಲವೆ ಎರಡೂ. ಆದುದರಿಂದ ಮಾಲೀಕನನ್ನು ಕಾಪಾಡುವುದು ಆ ಕಾಗದವಲ್ಲ. ಸರಿಯಾದ ವೇತನದ ಚೀಟಿ, ಬ್ಯಾಂಕಿನ ಮೂಲಕ ಸಂದಾಯವಾದ ಹಣ, ಒಪ್ಪವಾಗಿಟ್ಟ ದಫ್ತರು.

ನೇಮಕಪತ್ರದ ಮಾತೂ ಇದಕ್ಕೆ ಸೇರಿದ್ದೇ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ‘ನಾಳೆಯಿಂದ ಬಾರಪ್ಪ’ ಎಂಬ ಬಾಯಿಮಾತೇ ನೇಮಕಪತ್ರವಾಗಿದ್ದ ಕಾಲ ಮುಗಿಯಿತು. ಸುರಕ್ಷತಾ ಸಂಹಿತೆಗೆ ಒಳಪಡುವ, ಎಂದರೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ನೌಕರನಿಗೂ ಬರಹದ ನೇಮಕಪತ್ರ ಕಡ್ಡಾಯ. ಮೊದಲಿನಿಂದ ಇರುವವರಿಗೂ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕೆಂಬ ವಿಧಿಯಿತ್ತು. ಆ ಗಡುವು 2026ರ ಫೆಬ್ರವರಿಗೆ ಮುಗಿಯಿತು. ಇನ್ನೂ ಕೊಡದಿರುವವರು ತಡವಾಗಿಯಾದರೂ ಕೊಡುವುದು ಲೇಸು.

ಅದೇ ಸಂಹಿತೆಯು ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನು ಗೊತ್ತುಮಾಡಿ, ಹೆಚ್ಚುವರಿ ಹೊತ್ತಿಗೆ ಕೆಲಸಗಾರನ ಒಪ್ಪಿಗೆಯನ್ನೂ ಎರಡರಷ್ಟು ವೇತನವನ್ನೂ ವಿಧಿಸಿದೆ. ಹೆಂಗಸರನ್ನು ಸಂಜೆ ಏಳರ ಮೇಲೆ, ಬೆಳಗಿನ ಆರರ ಮುಂಚೆ ಕೆಲಸಕ್ಕೆ ಕರೆಯಬೇಕಾದರೆ ಅವರ ಸಮ್ಮತಿ ಬೇಕು. ಅವರ ಸುರಕ್ಷತೆಯ ಏರ್ಪಾಡೂ ಬೇಕು.

ಬೆಂಗಳೂರಿನ ಹೊರವಲಯಕ್ಕೆ ವಿಶೇಷವಾಗಿ ತಟ್ಟುವ ಮತ್ತೊಂದು ವಿಧಿಯುಂಟು. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸದಿಂದ ಮನೆಗೆ ಮರಳುವಾಗ ಆದ ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧವಿದೆಯೆಂದು ಸ್ಥಾಪಿತವಾದರೆ, ಅದನ್ನು ಕೆಲಸದ ನಡುವೆ ಆದ ಅಪಘಾತವೆಂದೇ ಎಣಿಸಲಾಗುತ್ತದೆ. ರಾಜ್ಯವಿಮೆಗೆ ಒಳಪಟ್ಟವರಿಗೆ ಈ ರಕ್ಷಣೆ 2010ರ ತಿದ್ದುಪಡಿಯಿಂದಲೇ ಇತ್ತು. ಈಗ ವಿಮೆಯ ಹೊರಗಿರುವವರ ಪರಿಹಾರಕ್ಕೂ ಅದು ವಿಸ್ತರಿಸಿದೆ. ಮಾರತ್ತಹಳ್ಳಿಯ ಸೇತುವೆ, ರೇಷ್ಮೆ ಮಂಡಳಿಯ ವೃತ್ತ, ಗೊರಗುಂಟೆಪಾಳ್ಯ ಇವುಗಳನ್ನು ದಿನಾಲೂ ದಾಟುವವರ ಮನೆಮಂದಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕತ್ತಲಲ್ಲಿ ವಾಹನ ಓಡಿಸಿಕೊಂಡು ಬರುವ ಪಾಳಿಗಳನ್ನು ಗೊತ್ತುಮಾಡುವ ಮಾಲೀಕರು ಇದನ್ನು ನೆನಪಿನಲ್ಲಿಡಬೇಕು.

* * *

ಸಂಹಿತೆಗಳು ಮಾಲೀಕರ ಮೇಲೆ ಹೊರೆಯನ್ನಷ್ಟೇ ಹೊರಿಸಿವೆ ಎಂದರೆ ಅದು ಅರ್ಧ ಸತ್ಯ. ಹಲವು ನೋಂದಣಿಗಳ ಬದಲು ಒಂದು ನೋಂದಣಿ, ಹಲವು ವಿವರಪಟ್ಟಿಗಳ ಬದಲು ಒಂದು ಪಟ್ಟಿ ಎಂಬ ತತ್ತ್ವವನ್ನು ಅವು ಒಪ್ಪಿವೆ. ತನಿಖೆಗೆ ಬರುವ ಅಧಿಕಾರಿಯ ಹೆಸರಿನಲ್ಲಿಯೇ ‘ನೆರವುಗಾರ’ನೆಂಬ ಅರ್ಥ ಸೇರಿದೆ, ಮೊದಲ ಸಲದ ಎಷ್ಟೋ ಲೋಪಗಳಲ್ಲಿ ಮೊಕದ್ದಮೆ ಹೂಡುವ ಮೊದಲು ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ವಿದ್ಯುತ್ತಿನಿಂದ ನಡೆಯುವ ಕಾರ್ಖಾನೆಯೆಂದು ಎನಿಸಿಕೊಳ್ಳಲು ಹಿಂದೆ ಹತ್ತು ಕೆಲಸಗಾರರಿದ್ದರೆ ಸಾಕಾಗಿತ್ತು. ಈಗ ಇಪ್ಪತ್ತು ಮಂದಿ ಇರಬೇಕು. ಗುತ್ತಿಗೆ ಕಾರ್ಮಿಕರ ಕಟ್ಟಳೆಗಳು ಇಪ್ಪತ್ತರ ಬದಲು ಐವತ್ತು ಮಂದಿಯಿಂದ ಅನ್ವಯಿಸುತ್ತವೆ. ಆದರೆ ಸಂಸ್ಥೆಯ ಮುಖ್ಯ ಕಸುಬಿಗೆ ಗುತ್ತಿಗೆಯವರನ್ನು ಹಚ್ಚುವುದಕ್ಕೆ, ಕೆಲವು ವಿನಾಯಿತಿಗಳ ಹೊರತು, ನಿಷೇಧವಿದೆ.

ಎಲ್ಲಕ್ಕಿಂತ ದೊಡ್ಡ ಸಡಿಲಿಕೆ ಕೆಲಸಗಾರರನ್ನು ಕಡಿಮೆ ಮಾಡುವ ವಿಷಯದಲ್ಲಿ ಆಗಿದೆ. ನೂರು ಮಂದಿ ಕೆಲಸಗಾರರಿರುವ ಕಾರ್ಖಾನೆಯವನು ಯಾರನ್ನಾದರೂ ಹೆಚ್ಚುವರಿಯೆಂದು ತೆಗೆಯಬೇಕಾದರೆ, ಅಥವಾ ಕಾರ್ಖಾನೆಯನ್ನೇ ಮುಚ್ಚಬೇಕಾದರೆ, ಸರ್ಕಾರದ ಪೂರ್ವಾನುಮತಿ ಬೇಕಾಗಿತ್ತು. ಆ ಗಡಿ ಈಗ ಮುನ್ನೂರಕ್ಕೆ ಏರಿದೆ. ಪೀಣ್ಯದ ಬಹುಪಾಲು ಘಟಕಗಳು ಆ ಗಡಿಯ ಕೆಳಗೇ ಉಳಿಯುತ್ತವೆ. ಕಾರ್ಮಿಕ ಸಂಘಗಳ ತೀವ್ರ ಅಸಮಾಧಾನಕ್ಕೆ ಇದೇ ಒಂದು ಮುಖ್ಯ ಕಾರಣ; ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆಯನ್ನು ಎಲ್ಲ ಕೈಗಾರಿಕೆಗಳಿಗೂ ವಿಧಿಸಿರುವುದು ಇನ್ನೊಂದು. ಸಂಹಿತೆಗಳು ಜಾರಿಯಾದ ಐದೇ ದಿನಗಳಲ್ಲಿ, ನವೆಂಬರ್ 26ರಂದು, ಕೇಂದ್ರ ಕಾರ್ಮಿಕ ಸಂಘಗಳು ದೇಶದಾದ್ಯಂತ ಪ್ರತಿಭಟನೆ ನಡೆಸಿದವು. ಅನುಮತಿ ಬೇಡವಾದರೂ ಪರಿಹಾರ ಬೇಡವೆಂದಲ್ಲ. ವರ್ಷ ಸೇವೆಗೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ಕೊಡುವುದರ ಜತೆಗೆ, ಹೊಸ ಕಸುಬನ್ನು ಕಲಿಯಲೆಂದು ಇನ್ನೂ 15 ದಿನಗಳ ವೇತನವನ್ನು ಪ್ರತ್ಯೇಕ ನಿಧಿಯ ಮೂಲಕ 45 ದಿನಗಳೊಳಗೆ ಅವನಿಗೆ ಮುಟ್ಟಿಸಬೇಕು.

ಕೇಂದ್ರದ ಸಂಹಿತೆಗಳ ಜತೆಗೆ ರಾಜ್ಯದ ಕ್ರಮಗಳನ್ನೂ ಮಾಲೀಕರು ಗಮನಿಸಬೇಕಾಗಿದೆ. ಗ್ರಾಚ್ಯುಯಿಟಿಯ ಹೊಣೆಗೆ ವಿಮೆ ಮಾಡಿಸಬೇಕೆಂಬ ನಿಯಮವನ್ನು ಕರ್ನಾಟಕ 2024ರ ಜನವರಿಯಲ್ಲಿಯೇ ಮಾಡಿತು. ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳಿಗೆ ಸ್ಥಾಯೀ ಆದೇಶಗಳ ಕಾಯಿದೆಯಿಂದ 2014ರಲ್ಲಿ ಐದು ವರ್ಷಗಳಿಗೆ ಕೊಟ್ಟ ವಿನಾಯಿತಿಯನ್ನು 2019ರಲ್ಲಿಯೂ 2024ರಲ್ಲಿಯೂ ಮುಂದುವರಿಸಿತು. ಆದರೆ ಅದು ಬರಿಗೈಯ ವಿನಾಯಿತಿಯಾಗಿರಲಿಲ್ಲ. ಹೆಣ್ಣುಮಕ್ಕಳ ದೂರುಗಳಿಗೆ ಆಂತರಿಕ ಸಮಿತಿ, ನೌಕರರ ಕುಂದುಕೊರತೆಗೆ ಸಮಿತಿ, ಶಿಸ್ತುಕ್ರಮಗಳ ಬಗೆಗೆ ಕಾರ್ಮಿಕ ಇಲಾಖೆಗೆ ತಿಳುವಳಿಕೆ, ಕೇಳಿದಾಗ ಸೇವಾವಿವರಗಳನ್ನು ಒದಗಿಸುವುದು ಎಂಬ ಷರತ್ತುಗಳು ಅದಕ್ಕಿದ್ದವು. ತಿಂಗಳಿಗೆ ಒಂದು ದಿನದಂತೆ ಹೆಣ್ಣು ನೌಕರರಿಗೆ ಸಂಬಳಸಹಿತ ಋತುರಜೆ ಕೊಡಬೇಕೆಂದು 2025ರ ನವೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಮಾಲೀಕರ ಕಡೆಯವರು ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಮನೆಬಾಗಿಲಿಗೆ ಊಟ, ಸಾಮಾನು ತಂದುಕೊಡುವ ಹುಡುಗರಿಗಾಗಿಯೂ 2025ರಲ್ಲಿ ರಾಜ್ಯ ಒಂದು ಕಾಯಿದೆ ಮಾಡಿ, ಅವರಿಗೆ ಕೊಡುವ ಹಣದ ಶೇಕಡಾ 1ರಿಂದ 5ರವರೆಗಿನ ಕ್ಷೇಮಶುಲ್ಕವನ್ನು ಅವರ ಕಂಪನಿಗಳಿಂದ ವಸೂಲು ಮಾಡಲು ಅವಕಾಶ ಕಲ್ಪಿಸಿತು.

* * *

ಕಾನೂನಿನ ಒಂದು ಸಾಲು ದುಡಿಯುವವರ ಬಾಳಿಗೆ ಎಷ್ಟು ಹತ್ತಿರವೆಂಬುದನ್ನು ಬೆಂಗಳೂರು ಒಮ್ಮೆ ಕಣ್ಣಾರೆ ಕಂಡಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮವನ್ನು ತಿದ್ದಿ, ಮಾಲೀಕನ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು ಗೊತ್ತುಮಾಡಿತು. ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಕೆಲಸಗಾರರು, ಅವರಲ್ಲಿ ಬಹುಪಾಲು ಹೆಂಗಸರು, ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಬೊಮ್ಮನಹಳ್ಳಿ, ಹೆಬ್ಬಗೋಡಿ, ಪೀಣ್ಯ, ಜಾಲಹಳ್ಳಿ ಕ್ರಾಸ್ ಎಲ್ಲೆಡೆಯೂ ಸಂಚಾರ ನಿಂತಿತು. ವಾಹನಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು. ಆ ಹಣ ಅವರಿಗೆ ಮುಪ್ಪಿನ ಮಾತಾಗಿರಲಿಲ್ಲ. ಮಗಳ ಮದುವೆಯ, ಮಗನ ಶಾಲೆಯ, ಊರಿನ ಸಾಲದ ಮಾತಾಗಿತ್ತು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ತಿದ್ದುಪಡಿಯನ್ನು ಹಿಂತೆಗೆದುಕೊಂಡಿತು.

ಆ ನಿಯಮವನ್ನು ಮಾಡಿದವರು ಮಾಲೀಕರಲ್ಲ. ಆದರೂ ಬೀದಿಗೆ ಬಂದದ್ದು ಅವರ ಕಾರ್ಖಾನೆಗಳ ಮಂದಿ, ನಿಂತದ್ದು ಅವರ ಯಂತ್ರಗಳು. ನಿಯಮ ಬದಲಾದಾಗ ಅದರಿಂದ ತನ್ನ ಜನರಿಗೆ ಏನಾಗುತ್ತದೆಂದು ಅವರ ಭಾಷೆಯಲ್ಲಿ ಹೇಳುವುದು ಮಾಲೀಕನ ಹೊಣೆಯೆಂಬುದೇ ಆ ಎರಡು ದಿನಗಳ ಪಾಠ. ಹೊಸ ಸಂಹಿತೆಗಳ ವಿಷಯದಲ್ಲಂತೂ ಅದು ಇನ್ನೂ ನಿಜ. ಏಕೆಂದರೆ ಇಲ್ಲಿ ಬದಲಾಗಿರುವುದು ಪ್ರತಿ ತಿಂಗಳೂ ಕೈಗೆ ಬರುವ ಚೀಟಿಯೇ. ವಿವೇಕಿಯಾದ ಮಾಲೀಕ ಮಾಡಬೇಕಾದ ಕೆಲಸಗಳು ಬಹಳವಲ್ಲ. ಪ್ರತಿಯೊಬ್ಬರ ಚೀಟಿಯನ್ನೂ ಅರ್ಧದ ನಿಯಮಕ್ಕೆ ಹೊಂದಿಸಿ ನೋಡುವುದು, ನೇಮಕಪತ್ರ ಕೊಡುವುದು, ಬಿಟ್ಟುಹೋಗುವವರ ಲೆಕ್ಕವನ್ನು ಎರಡು ದಿನಗಳಲ್ಲಿ ತೀರಿಸುವ ಕ್ರಮ ಹಾಕಿಕೊಳ್ಳುವುದು, ಗ್ರಾಚ್ಯುಯಿಟಿಗೆ ತಿಂಗಳು ತಿಂಗಳೂ ಹಣ ತೆಗೆದಿಡುವುದು, ರಾಜ್ಯದ ಆದೇಶಗಳನ್ನು ಆಗಾಗ್ಗೆ ವಿಚಾರಿಸಿ ತಿಳಿಯುವುದು.

* * *

ಪೀಣ್ಯದ ಯಜಮಾನರು ಆ ರಾತ್ರಿ ಊಟ ಮುಗಿಸಿ ಮಗಳ ಜತೆ ಲೆಕ್ಕಕ್ಕೆ ಕುಳಿತರು. 28,846 ಎಂಬ ಅಂಕಿ ಕಾಗದದ ಮೇಲೆ ಬಂದಾಗ ಅವರ ಮುಖ ಸ್ವಲ್ಪ ಬಾಡಿತು. ಒಬ್ಬನ ಮಾತಾದರೆ ಸರಿ. ಅವನ ಹಿಂದೆ ಅಂಥವರು ಇನ್ನೂ ಇದ್ದಾರೆ. ದೊಡ್ಡ ಕಾರ್ಖಾನೆಗಳಿಂದ ಬರಬೇಕಾದ ಹಣ ಮೂರು ತಿಂಗಳಿಂದ ಬಂದಿಲ್ಲ. ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

“ಹತ್ತು ವರ್ಷ ಅವನ ಚೀಟಿಯಲ್ಲಿ ಮೂಲ ಸಂಬಳವನ್ನು ಕಡಿಮೆ ಬರೆದದ್ದು ನಾನೇ ಕಣಮ್ಮ” ಎಂದರು. “ಎಲ್ಲರೂ ಹಾಗೆಯೇ ಬರೆಯುತ್ತಿದ್ದರು. ಅವನು ಒಂದು ದಿನವೂ ಕೇಳಲಿಲ್ಲ.”

“ನಮ್ಮ ಕಚೇರಿಯಲ್ಲಿ ನನ್ನ ಚೀಟಿಯನ್ನು ಹಾಗೆಯೇ ಬರೆದಿದ್ದಾರೆ ಅಪ್ಪಾ. ನಾನೂ ಕೇಳಿರಲಿಲ್ಲ” ಎಂದಳು ಮಗಳು.

ಅದಕ್ಕೆ ಅವರು ಏನೂ ಹೇಳಲಿಲ್ಲ. ಮರುದಿನ ಗುಮಾಸ್ತನನ್ನು ಕರೆದು ರುಜುವಿನ ಕಾಗದವನ್ನು ತೆಗೆದಿಡುವಂತೆ ಹೇಳಿದರು. ಬಾಕಿ ಸಂಬಳ ಎರಡನೆಯ ದಿನ ಸಂದಿತು. ಗ್ರಾಚ್ಯುಯಿಟಿಯ ಲೆಕ್ಕವನ್ನು ಹೊಸ ಚೀಟಿಯ ಮೇಲೆ ಕಟ್ಟಿ, ತಿಂಗಳೊಳಗೆ ಅವನ ಖಾತೆಗೆ ಹಾಕುವುದೆಂದು ಗೊತ್ತಾಯಿತು. ಲೆಕ್ಕ ಬರೆದ ಹಾಳೆಯ ಒಂದು ಪ್ರತಿಯನ್ನು ಅವನ ಕೈಗೆ ಕೊಟ್ಟು, ಒಂದೊಂದು ಸಾಲನ್ನೂ ಓದಿ ಹೇಳಿದರು. ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಬಳಿಕ, ತಾನು ಹತ್ತು ವರ್ಷ ನಿಂತ ಯಂತ್ರದ ಹುಡುಗನಿಗೆ ಒಂದೆರಡು ಮಾತು ಹೇಳಿ ಹೊರಟ.

ಅಂದು ಸಂಜೆ ಗುಮಾಸ್ತ ಉಳಿದ ಮೂವತ್ತಮೂರು ಮಂದಿಯ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದ.